ಅಪ್ಪನ ಮುಷ್ಟಿ ಬಿಡಿಸೋಕಾಗ್ತಿಲ್ಲ, ಟೆನ್ಸ್ ಮಷೀನು ತಗೊಳ್ಳೋದಾ ಬೇಡ್ವಾ?

ಹನುಮಂತನಗರ_ಹುಡುಗಿ
ಎಲ್ರಿಗೂ ನಮಸ್ಕಾರ. ಅಪ್ಪಂಗೆ 67 ವರ್ಷ, ಹೋದ ದೀಪಾವಳಿ ಹಿಂದಿನ ವಾರ ಸ್ಟ್ರೋಕ್ ಆಗಿ ಬಲಗಡೆ ಪೂರ್ತಿ ಹೋಗಿತ್ತು. ಈಗ 8 ತಿಂಗಳು. ಕೋಲು ಹಿಡ್ಕೊಂಡು ಹಾಲಿಂದ ಬಾತ್‌ರೂಮಿಗೆ ಹೋಗ್ತಾರೆ, ಮಾತು ಪರವಾಗಿಲ್ಲ, ಬೈಯೋಕಂತೂ ಮುಂಚಿನ ಥರಾನೇ ಬರುತ್ತೆ. ಸಮಸ್ಯೆ ಇರೋದು ಕೈದು. ಮೊದಲ ಎರಡು ತಿಂಗಳು ಒದ್ದೆ ಬಟ್ಟೆ ಥರ ಜೋತಾಡ್ತಿದ್ದ ಕೈ ಈಗ ಎದೆಗೆ ಮಡಚ್ಕೊಂಡು ಮುಷ್ಟಿ ಕಟ್ಕೊಂಡ್ಬಿಟ್ಟಿದೆ. ಉಗುರು ತೆಗೆಯೋಕೆ ಇಬ್ಬರು ಬೇಕು, ಒಬ್ರು ಬೆರಳು ಬಿಡಿಸಿ ಹಿಡ್ಕೊಳ್ಳೋಕೆ, ಇನ್ನೊಬ್ರು ಕತ್ತರಿಸೋಕೆ, ಅಂಗೈ ಒಳಗೆ ಬೆವರು ನಿಂತು ವಾಸನೆ ಬೇರೆ. ಬಲಗಾಲಿನ ಪಾದ ಕೂಡ ಕೆಳಗೆ ಚಾಚ್ಕೊಂಡು ಹೆಬ್ಬೆರಳು ನೆಲಕ್ಕೆ ತಗಲುತ್ತೆ.

ಮನೆಗೆ ಬರೋ ಫಿಸಿಯೋ ಹುಡುಗ 20 ನಿಮಿಷ ಪ್ಯಾಡ್ ಅಂಟಿಸಿ ಕರೆಂಟ್ ಇಡ್ತಾನೆ, ಆ ಹೊತ್ತಲ್ಲಿ ಫೋನ್ ನೋಡ್ತಾ ಕೂತಿರ್ತಾನೆ, ಆಮೇಲೆ ಕೈ ಕಾಲು ಹತ್ತು ಸಲ ಆಡಿಸಿ 700 ರೂಪಾಯಿ ತಗೊಂಡು ಹೋಗ್ತಾನೆ. ಅದೇ ಥರ ಕರೆಂಟ್ ಕೊಡೋ ಟೆನ್ಸ್ ಮಷೀನು ಆನ್‌ಲೈನಲ್ಲಿ 2,500ಕ್ಕೆ ಇದೆ. ನಾನೇ ತಗೊಂಡು ದಿನಾ ಇಟ್ರೆ ಆಗಲ್ವಾ? ಬಿಗಿತ ನಿಜವಾಗ್ಲೂ ಕಮ್ಮಿ ಆಗುತ್ತಾ? ದೊಡ್ಡಮ್ಮ ಬೇರೆ ಪಾರಿವಾಳದ ರಕ್ತ ತಿಕ್ಕಿ ಅಂತ ದಿನಾ ಫೋನ್ ಮಾಡ್ತಾರೆ.

ವಿಜಯನಗರ_ವಿಶ್ವ
ದುಡ್ಡು ದಂಡ. ನಮ್ಮ ಮಾವಂಗೂ ತಂದಿದ್ವಿ, ಈಗ ಅಟ್ಟದ ಮೇಲಿದೆ.

ಬಿಡಾಡಿ_ಬಸವ
ಪಾರಿವಾಳನ ಬಿಟ್ಬಿಡ್ರಪ್ಪ ಪಾಪ, ಅದೇನು ಮಾಡಿದೆ ನಿಮಗೆ.

ಫಿಸಿಯೋ_ಪದ್ದಿ
ನಾನು ಫಿಸಿಯೋ, 11 ವರ್ಷದಿಂದ ಬರೀ ಸ್ಟ್ರೋಕ್ ಪೇಷಂಟ್‌ಗಳನ್ನೇ ನೋಡ್ತಿರೋದು. ಸ್ವಲ್ಪ ಉದ್ದ ಆಗುತ್ತೆ, ಓದಿ.

ಬಿಗಿತ ಅನ್ನೋದು ಕೈಯ ತಪ್ಪಲ್ಲ. ಸ್ನಾಯುನ ಎಳೆದ ತಕ್ಷಣ ಅದು ವಾಪಸ್ ಬಿಗಿಯೋದು ಬೆನ್ನುಹುರಿ ಮಟ್ಟದಲ್ಲೇ ನಡೆಯೋ ಕೆಲಸ, ಡಾಕ್ಟ್ರು ಮಂಡಿಗೆ ಸುತ್ತಿಗೆ ತಟ್ಟಿದಾಗ ಕಾಲು ಎಗರುತ್ತಲ್ಲ ಅದೇ. ಮಿದುಳು ಮೇಲಿಂದ ಸದಾ ಅದಕ್ಕೆ "ಸುಮ್ನಿರು ಸುಮ್ನಿರು" ಅಂತಿರುತ್ತೆ. ಸ್ಟ್ರೋಕ್‌ನಲ್ಲಿ ಹಾಗೆ ಗದರೋ ಯಜಮಾನನೇ ಇಲ್ಲ, ಕೆಳಗಿನವರದ್ದೇ ದರ್ಬಾರು. ಅದಕ್ಕೇ ಜೋರಾಗಿ ಎಳೆದಷ್ಟೂ ಜಾಸ್ತಿ ಬಿಗಿಯುತ್ತೆ. ಇವತ್ತೇ ನೋಡಿ, ಅಪ್ಪನ ಮಣಿಕಟ್ಟನ್ನ ತುಂಬಾ ನಿಧಾನ ಬಿಡಿಸಿ, ಆಮೇಲೆ ಸ್ವಲ್ಪ ಬೇಗ ಬಿಡಿಸಿ. ನಿಧಾನಕ್ಕೆ ಬಂದು, ಬೇಗ ಮಾಡಿದಾಗ ತಡೆದ್ರೆ ಅದು ಸ್ಪಾಸ್ಟಿಸಿಟಿ. ಎಷ್ಟು ನಿಧಾನ ಮಾಡಿದ್ರೂ ಒಂದೇ ಜಾಗದಲ್ಲಿ ಗೋಡೆಗೆ ಬಡಿದ ಹಾಗೆ ನಿಂತ್ರೆ ಸ್ನಾಯುನೇ ಗಿಡ್ಡ ಆಗಿದೆ ಅಂತ, ಅದಕ್ಕೆ ಯಾವ ಕರೆಂಟೂ ಕೆಲಸ ಮಾಡಲ್ಲ.

ಟೆನ್ಸ್ ಅಂದ್ರೆ ಚರ್ಮದ ಮೇಲಿಂದ ನರಕ್ಕೆ ಕೊಡೋ ಸಣ್ಣ ಸಣ್ಣ ಮಿಡಿತ. ಸ್ಪರ್ಶದ ನರಗಳು ಎದ್ದು ಬೆನ್ನುಹುರಿಗೆ ಸುದ್ದಿ ಕಳಿಸ್ತವೆ, ಅದ್ರಿಂದ ಅಲ್ಲಿ ನಡೀತಿರೋ ಗಲಾಟೆ ಸ್ವಲ್ಪ ಹೊತ್ತು ತಣ್ಣಗಾಗುತ್ತೆ. ಸ್ವಲ್ಪ ಹೊತ್ತು ಅಂದೆ, ಕೆಲವು ಗಂಟೆ. ಆ ಹೊತ್ತಲ್ಲಿ ನೀವು ಏನು ಮಾಡ್ತೀರ ಅನ್ನೋದರ ಮೇಲೆ ಉಳಿದಿದ್ದು. ಕರೆಂಟ್ ಇಟ್ಟು ಚಹಾ ಕುಡಿದು ಎದ್ದು ಹೋದ್ರೆ ವಿಶ್ವ ಅವರ ಅಟ್ಟದ ಕಥೆನೇ.

ವಿಜಯನಗರ_ವಿಶ್ವ
ಅಂದ್ರೆ ನಾನು ಹೇಳಿದ್ದೇ ಸರಿ ಅಂತಾಯ್ತಲ್ಲ.

ಫಿಸಿಯೋ_ಪದ್ದಿ
ಅಲ್ಲ ಸಾರ್, ಮಷೀನು ಸರಿಯಿತ್ತು, ಅಟ್ಟ ತಪ್ಪು ಜಾಗ.

ನಿವೃತ್ತ_ಮೇಷ್ಟ್ರು
ಒಂದು ಹಳೇ ಕಥೆ ಹೇಳ್ಲೇಬೇಕು. ನೋವಿಗೆ ಕರೆಂಟು ಅನ್ನೋದು ಹೊಸದಲ್ಲ. ಮೊದಲನೇ ಶತಮಾನದಲ್ಲಿ ರೋಮ್‌ನ ಸ್ಕ್ರಿಬೋನಿಯಸ್ ಲಾರ್ಗಸ್ ಅನ್ನೋ ವೈದ್ಯ ತಲೆನೋವಿಗೂ ಕಾಲುಬೇನೆಗೂ ಕರೆಂಟು ಹೊಡೆಯೋ ಟಾರ್ಪಿಡೊ ಮೀನನ್ನ ಮೈಗೆ ತಾಗಿಸ್ತಿದ್ದ, ಜೋಮು ಹಿಡಿಯೋವರೆಗೂ. ಈಗಿನ ಮಷೀನಿನ ಹಿಂದಿರೋ ಲೆಕ್ಕಾಚಾರ 1965ರದ್ದು, ಮೆಲ್ಜಾಕ್ ಮತ್ತು ವಾಲ್ ಇಬ್ಬರ "ಗೇಟ್" ಸಿದ್ಧಾಂತ. ಮಂಡಿ ತಗುಲಿದಾಗ ಅಮ್ಮ ಉಜ್ಜಿದ್ರೆ ನೋವು ಕಮ್ಮಿ ಆಗ್ತಿತ್ತಲ್ಲ, ಉಜ್ಜಿದ ಸುದ್ದಿ ಮೊದಲು ಹೋಗಿ ಬಾಗಿಲು ಹಾಕ್ಬಿಡುತ್ತೆ, ನೋವಿನ ಸುದ್ದಿ ಹೊರಗೇ ನಿಲ್ಲುತ್ತೆ. ಟೆನ್ಸ್ ಹುಟ್ಟಿದ್ದೇ ನೋವಿಗೆ, ಬಿಗಿತಕ್ಕೆ ಆಮೇಲೆ ಬಂತು.

ಬಿಡಾಡಿ_ಬಸವ
ಪಾರಿವಾಳ ಬಿಟ್ವಿ, ಮೀನು ಹಿಡ್ಕೊಂಡ್ವಿ. ಮೇಷ್ಟ್ರೆ ಈ ಮೀನು ರಸೆಲ್ ಮಾರ್ಕೆಟ್ಟಲ್ಲಿ ಸಿಗುತ್ತಾ?

ಎಸ್ಪಿರೋಡ್_ಸೀನ
ಮೇಡಂ 2,500 ಯಾಕೆ ಕೊಡ್ತೀರ. ಒಳಗಿರೋದು ಒಂದು 555 ಟೈಮರ್ ಐಸಿ, ಒಂದು ಪುಟಾಣಿ ಟ್ರಾನ್ಸ್‌ಫಾರ್ಮರ್, 9 ವೋಲ್ಟ್ ಬ್ಯಾಟರಿ. ಎಸ್‌ಪಿ ರೋಡಲ್ಲಿ 300 ರೂಪಾಯಿಗೆ ಸಾಮಾನು ಬರುತ್ತೆ, ಭಾನುವಾರ ಕೂತ್ರೆ ನಾನೇ ಮಾಡ್ಕೊಡ್ತೀನಿ.

ಫಿಸಿಯೋ_ಪದ್ದಿ
ಸೀನಣ್ಣ ದಯವಿಟ್ಟು ಬೇಡ. ಸ್ಟ್ರೋಕ್ ಆದ ಕಡೆ ಎಷ್ಟೋ ಜನಕ್ಕೆ ಸ್ಪರ್ಶ ಸರಿಯಾಗಿ ಗೊತ್ತಾಗಲ್ಲ, ಕರೆಂಟ್ ಜಾಸ್ತಿಯಾಗಿ ಚರ್ಮ ಸುಟ್ರೂ "ಏನೂ ಆಗ್ತಿಲ್ಲಮ್ಮ" ಅಂತಾರೆ. ಮಿಡಿತ ಎಷ್ಟು ಅಗಲ, ಎಷ್ಟು ಮಿಲಿಆಂಪ್, ಡಿಸಿ ಸೋರುತ್ತಾ ಅಂತ ಪರೀಕ್ಷೆ ಆಗಿರೋ ಮಷೀನನ್ನೇ ತಗೋಬೇಕು. ಮೊಬೈಲ್ ಚಾರ್ಜರ್ ಹಾಕ್ಕೊಂಡೇ ಬಳಸೋದಂತೂ ಬೇಡ್ವೇ ಬೇಡ.

ಎಸ್ಪಿರೋಡ್_ಸೀನ
ಸರಿ ಬಿಡಿ, ತಮಾಷೆಗಂದೆ. ಅರ್ಧ ತಮಾಷೆಗೆ.

ಎಡಗೈ_ಎಂಜಿನಿಯರ್
ಇದನ್ನ ಎಡಗೈಲಿ ಟೈಪ್ ಮಾಡ್ತಿದೀನಿ, ಅದಕ್ಕೇ ಈ ಹೆಸರು. ನಂಗೆ 44ಕ್ಕೆ ಸ್ಟ್ರೋಕ್, ಬಿಪಿ ಮಾತ್ರೆ ಬಿಟ್ಟಿದ್ದೆ, ಕೆಲಸದ ಒತ್ತಡ ಅಂತ ನೆಪ. ನಾಲ್ಕು ವರ್ಷ ಆಯ್ತು. ಟೆನ್ಸ್ ಬಗ್ಗೆ ಇಲ್ಲಿ ಮಾತಾಡ್ತಿರೋರಲ್ಲಿ ಅದನ್ನ ಮೈಮೇಲೆ ಇಟ್ಕೊಂಡವನು ನಾನೊಬ್ಬನೇ ಅನ್ಸುತ್ತೆ.

ಮಂಡಿ ಕೆಳಗೆ ಹೊರಗಡೆ ಒಂದು ಗುಬುಟು ಮೂಳೆ ಸಿಗುತ್ತಲ್ಲ, ಅದರ ಹಿಂದೆ ಒಂದು ನರ ಹೋಗುತ್ತೆ, ಪಾದ ಮೇಲೆತ್ತೋ ನರ. ಅಲ್ಲಿ ಪ್ಯಾಡ್ ಇಟ್ಟು ಒಂದು ಗಂಟೆ ಇರುವೆ ಹರಿದಾಡಿದ ಹಾಗೆ ಜುಮ್ಮುಜುಮ್ಮು. ಪಾದ ಎತ್ತೋರನ್ನ ಎಬ್ಬಿಸಿದ್ರೆ ಮೀನಖಂಡ ತಾನಾಗಿ ಸಡಿಲ ಆಗುತ್ತೆ ಅಂತ ನನ್ನ ಫಿಸಿಯೋ ಹೇಳಿದ್ರು. ಆಯ್ತು ಕೂಡ, ಪೂರ್ತಿ ಅಲ್ಲ, ಆದ್ರೆ ಹಿಮ್ಮಡಿ ನೆಲಕ್ಕೆ ಮುಟ್ತು. ಹಿಮ್ಮಡಿ ನೆಲ ಮುಟ್ಟೋದು ಏನು ಅಂತ ಕಾಲು ಸರಿಯಿರೋರಿಗೆ ಅರ್ಥ ಆಗಲ್ಲ ಬಿಡಿ. ಆದ ತಕ್ಷಣ ಎದ್ದು ಅಡುಗೆಮನೆ ಕಟ್ಟೆ ಹಿಡ್ಕೊಂಡು ಕೂತು ಏಳೋದು, ಒಂದು ಮೆಟ್ಟಿಲು ಹತ್ತಿ ಇಳಿಯೋದು, ಇನ್ನೊಂದು ಗಂಟೆ. ನನ್ನ ಹೆಂಡತಿ ಗಡಿಯಾರ ಹಿಡ್ಕೊಂಡು ನಿಂತಿರ್ತಿದ್ಲು, ಪಿಟಿ ಮೇಷ್ಟ್ರು ಥರ.

ಕೈಗೂ ಇಟ್ಟೆ. ಕೈಗೆ ಅಷ್ಟು ಆಗ್ಲಿಲ್ಲ. ಸುಳ್ಳು ಹೇಳಲ್ಲ.

ಧಾರವಾಡ_ಪೇಡೆ
ಅಣ್ಣಾರ, ನೀವು ಬರದಿದ್ದು ಓದಿ ಕಣ್ಣಾಗ ನೀರು ಬಂತ್ರಿ. ನಮ್ಮ ಅವ್ವಗೂ ಹಿಂಗ ಆಗೇತಿ, ಹುಬ್ಬಳ್ಳಿಯಿಂದ ಇಲ್ಲಿ ಯಲಹಂಕಕ್ಕ ಕರ್ಕೊಂಡು ಬಂದೀವಿ. ಆದ್ರ ಅವ್ವಗ ಎದಿಯಾಗ ಪೇಸ್‌ಮೇಕರ್ ಕುಂದರ್ಸ್ಯಾರ. ಆಕಿಗೂ ಈ ಮಷೀನ ಹಚ್ಚಬಹುದೇನ್ರಿ?

ಫಿಸಿಯೋ_ಪದ್ದಿ
ಬೇಡ ಅಕ್ಕ. ಪೇಸ್‌ಮೇಕರ್ ಇದ್ರೆ ಮನೇಲಿ ಟೆನ್ಸ್ ಮುಟ್ಟಲೇಬೇಡಿ, ಹಾರ್ಟ್ ಡಾಕ್ಟ್ರು ಸ್ವತಃ ಹೇಳದ ಹೊರತು. ಬಸುರಿಯರ ಹೊಟ್ಟೆ ಸೊಂಟದ ಮೇಲೆ, ಕುತ್ತಿಗೆ ಮುಂಭಾಗಕ್ಕೆ, ಗಾಯ ಆಗಿರೋ ಚರ್ಮಕ್ಕೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂದಿದ್ರೆ ಅಲ್ಲಿಗೆ, ಕ್ಯಾನ್ಸರ್ ಗಡ್ಡೆ ಇರೋ ಜಾಗಕ್ಕೆ ಕೂಡ ಬೇಡ. ಫಿಟ್ಸ್ ಬರೋರು ಕೇಳಿಯೇ ಶುರು ಮಾಡಬೇಕು. ಅವ್ವಂಗೆ ನಿಧಾನದ ಸ್ಟ್ರೆಚಿಂಗು, ಸ್ಪ್ಲಿಂಟು (ಕೈ ಕಾಲನ್ನ ಬಿಡಿಸಿ ಹಾಗೇ ಹಿಡಿದಿಡೋ ಪಟ್ಟಿ), ಎದ್ದು ನಿಲ್ಲಿಸೋ ಅಭ್ಯಾಸ ಇದೆಲ್ಲ ಆಗುತ್ತೆ, ಅದು ಕಮ್ಮಿ ಏನಲ್ಲ.

ಹನುಮಂತನಗರ_ಹುಡುಗಿ
ಪದ್ದಿ ಅಕ್ಕ, ಎಂಜಿನಿಯರ್ ಅಣ್ಣ, ತುಂಬಾ ಥ್ಯಾಂಕ್ಸ್. ಅಪ್ಪಂಗೆ ಪೇಸ್‌ಮೇಕರ್ ಇಲ್ಲ, ಫಿಟ್ಸ್ ಇಲ್ಲ, ಶುಗರ್ ಇದೆ. ಮಣಿಕಟ್ಟು ನಿಧಾನ ಮಾಡಿದ್ರೆ ಬರುತ್ತೆ, ಬೇಗ ಮಾಡಿದ್ರೆ ತಡೆಯುತ್ತೆ. ಆದ್ರೆ ಕೈಗೆ ಅಷ್ಟು ಆಗಲ್ಲ ಅಂದ್ರಲ್ಲ ಅಣ್ಣ, ನಂಗೆ ಬೇಕಿರೋದೇ ಕೈಗೆ. ಆಮೇಲೆ ಮಷೀನಲ್ಲಿ ಟೆನ್ಸ್, ಇಎಂಎಸ್ ಅಂತ ಎರಡು ಬಟನ್ ಇದೆ, ಯಾವುದು?

ಫಿಸಿಯೋ_ಪದ್ದಿ
ಎರಡೂ ಬೇರೆ. ಟೆನ್ಸ್‌ನಲ್ಲಿ ಜುಮ್ ಅನ್ನಬೇಕು, ಸ್ನಾಯು ಕುಣಿಬಾರದು. ಇಎಂಎಸ್ ಸ್ನಾಯುನೇ ಕುಣಿಸುತ್ತೆ. ನಡೆಯೋವಾಗ ಸರಿಯಾದ ಹೊತ್ತಿಗೆ ಕರೆಂಟ್ ಕೊಟ್ಟು ಪಾದ ಎತ್ತಿಸೋ ಎಫ್‌ಇಎಸ್ ಇನ್ನೊಂದು, ಅದನ್ನ ಲಿಬರ್ಸನ್ ಅನ್ನೋರು 1961ರಲ್ಲೇ ತೋರಿಸಿದ್ರು. ಬಟನ್ ತಪ್ಪಾಗಿ ಬೆರಳು ಮಡಚೋ ಕಡೆಗೇ ಇಎಂಎಸ್ ಇಟ್ಟು ಮುಷ್ಟಿನ ಇನ್ನೂ ಗಟ್ಟಿ ಮಾಡ್ಕೊಂಡು ಬಂದವರು ನನ್ನತ್ರ ಇದಾರೆ.

ಕೈ ವಿಷಯ ನೇರವಾಗೇ ಹೇಳ್ತೀನಿ. 2019ರಲ್ಲಿ ಮಣಿಪಾಲದ ಫಿಸಿಯೋ ತಂಡದವರು ಬೇರೆ ಬೇರೆ ದೇಶದ ಪ್ರಯೋಗಗಳನ್ನ ಒಟ್ಟಿಗೆ ಹಾಕಿ ನೋಡಿದ್ರು. ಸ್ಟ್ರೋಕ್ ಆಗಿ ತಿಂಗಳುಗಟ್ಟಲೆ ಆದವರಲ್ಲಿ, ಬೇರೆ ವ್ಯಾಯಾಮದ ಜೊತೆಗೆ, 30 ನಿಮಿಷಕ್ಕಿಂತ ಜಾಸ್ತಿ ಇಟ್ರೆ ಕಾಲಿನ ಬಿಗಿತ ಕಮ್ಮಿ ಆಗುತ್ತೆ ಅನ್ನೋಕೆ ಗಟ್ಟಿ ಆಧಾರ ಸಿಕ್ತು. ಕಾಲು, ಕೈ ಅಲ್ಲ. ಕೈಗೆ ಆಧಾರ ತೆಳು. ನಿಮ್ಮ ಹುಡುಗ 20 ನಿಮಿಷಕ್ಕೆ ತೆಗೀತಾನೆ ಅಂದ್ರಲ್ಲ, ಅಲ್ಲೇ ಅರ್ಧ ಕಥೆ ಮುಗೀತು.

2007ರಲ್ಲಿ ಹಾಂಗ್‌ಕಾಂಗಲ್ಲಿ 88 ಜನರ ಮೇಲೆ ಒಂದು ಪ್ರಯೋಗ ಆಯ್ತು, ನಂಗೆ ತುಂಬಾ ಇಷ್ಟ, ಯಾಕಂದ್ರೆ ಅದೆಲ್ಲ ನಡೆದಿದ್ದು ಪೇಷಂಟ್ ಮನೇಲೇ. ವಾರಕ್ಕೆ 5 ದಿನ, 4 ವಾರ, ಒಂದು ಗಂಟೆ ಟೆನ್ಸ್, ಆಮೇಲೆ ಒಂದು ಗಂಟೆ ವ್ಯಾಯಾಮ. ಒಂದು ಗುಂಪಿಗೆ ಬರೀ ಟೆನ್ಸ್, ಒಂದಕ್ಕೆ ಕರೆಂಟೇ ಬರದ ಡೂಪ್ಲಿಕೇಟ್ ಮಷೀನು ಜೊತೆ ವ್ಯಾಯಾಮ, ಒಂದಕ್ಕೆ ಎರಡೂ, ಒಂದಕ್ಕೆ ಏನೂ ಇಲ್ಲ. ಎರಡೂ ಮಾಡಿದವರ ನಡಿಗೆನೇ ಚೆನ್ನಾಗಿ ಸುಧಾರಿಸಿದ್ದು. ಎಂಜಿನಿಯರ್ ಸಾರ್ ಅವರ ಅಡುಗೆಮನೆ ಕಟ್ಟೆ ಲೆಕ್ಕ ಅದೇ.

ವಿಜಯನಗರ_ವಿಶ್ವ
ದಿನಕ್ಕೆ ಎರಡು ಗಂಟೆ! ಯಾರ್ರೀ ಇರ್ತಾರೆ ಮನೇಲಿ? ನಾನು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರೋಕೇ ಮೂರೂವರೆ ಗಂಟೆ. ನಮ್ಮ ಮಷೀನು ಅಟ್ಟ ಹತ್ತಿದ್ದು ಅದಕ್ಕೇ, ಮಷೀನ್ ಕೆಟ್ಟು ಅಲ್ಲ. ಅತ್ತೆಗೆ ಬೆನ್ನು ನೋವು, ಅವರ ಕೈಲಿ ಮಾವನ್ನ ಎತ್ತಿ ನಿಲ್ಸೋಕಾಗಲ್ಲ. ಇದನ್ನ ಯಾರೂ ಬರೆಯಲ್ಲ.

ಎಡಗೈ_ಎಂಜಿನಿಯರ್
ವಿಶ್ವ, ಈ ಮಾತು ಒಪ್ಪಿದೆ. ನನ್ನ ಹೆಂಡತಿ ಆರು ತಿಂಗಳು ಸಂಬಳ ಇಲ್ಲದ ರಜೆ ಹಾಕಿದ್ಲು. 2,500 ಅಲ್ಲ ನಿಜವಾದ ರೇಟು.

ಧಾರವಾಡ_ಪೇಡೆ
ಖರೇ ಮಾತ್ರಿ. ನಮ್ಮನ್ಯಾಗ ಆ ಎರಡು ತಾಸು ನನ್ನ ತಲಿಮ್ಯಾಲೇ ಬರ್ತಾವ, ತಮ್ಮ ಬರೇ ಫೋನ್ ಮಾಡಿ ಹೆಂಗದಾಳ ಅಂತ ಕೇಳ್ತಾನ.

ಕುಡ್ಲದ_ಕುಸಾಲು
ಎಂಥ ಮಾರಾಯ್ರೆ, ಎಲ್ಲ ಕರೆಂಟ್ ಕರೆಂಟ್ ಅಂತ ಹೇಳ್ತೀರಿ, ನನ್ನ ಬಾವನಿಗೆ ಡಾಕ್ಟ್ರು ಬೊಟಾಕ್ಸ್ ಹಾಕಿದ್ದು. ಬೆರಳು ಬಿಡ್ತು. ನಾವು ಮೊದಲು ನಗಾಡಿದ್ದು, ಸಿನಿಮಾದವರು ಮುಖಕ್ಕೆ ಹಾಕಿಸ್ಕೊಳ್ಳೋದಲ್ವಾ ಅಂತ. ಆದ್ರೆ ಮೂರು ನಾಲ್ಕು ತಿಂಗಳಲ್ಲಿ ಪವರ್ ಇಳೀತದೆ, ಪುನಃ ಹಾಕಿಸ್ಬೇಕು. ಬಿಲ್ ನೋಡಿದ್ರೆ ನಮಗೇ ಸ್ಟ್ರೋಕ್ ಆಗ್ಬೇಕು.

ಫಿಸಿಯೋ_ಪದ್ದಿ
ಹುಡುಗಿ ಅವರ ಅಪ್ಪಂಗೆ ಡಾಕ್ಟ್ರತ್ರ ಕೇಳಬೇಕಾಗಿರೋದು ಇದೇ ಇರಬಹುದು. ಒಂದು ಕೈಯಲ್ಲಿ ಕೆಲವೇ ಸ್ನಾಯುಗಳು ಬಿಗಿದು, ಅಂಗೈ ತೊಳೆಯೋಕೂ ಆಗ್ತಿಲ್ಲ ಅಂದ್ರೆ ಆ ಇಂಜೆಕ್ಷನ್‌ಗೆ ಸರಿಯಾದ ಜಾಗ. ಆದ್ರೆ ಅದೂ ಬಾಗಿಲು ತೆಗೆಯೋದಷ್ಟೇ, ಆ ಮೂರು ತಿಂಗಳಲ್ಲಿ ಸ್ಟ್ರೆಚಿಂಗು, ಸ್ಪ್ಲಿಂಟು ಮಾಡದಿದ್ರೆ ವಾಪಸ್ ಅಲ್ಲಿಗೇ.

ಮಲ್ಲೇಶ್ವರಂ_ಮಾಮ
ಇಷ್ಟೆಲ್ಲ ಯಾಕೆ. ಒಂದು ಸ್ಮೈಲಿ ಬಾಲ್ ಕೊಟ್ಟು ದಿನಾ 100 ಸಲ ಹಿಸುಕೋಕೆ ಹೇಳಿ. ನಮ್ಮ ತಂದೆಗೆ ಅದರಲ್ಲೇ ಕೈ ಬಂತು. ಬ್ಯಾಕ್ಲೋಫೆನ್ ಅಂತ ಒಂದು ಮಾತ್ರೆ ಕೊಡ್ತಿದ್ರು, ಬರೀ ನಿದ್ದೆ ಬರುತ್ತೆ, ನಿಲ್ಲಿಸ್ಬಿಡಿ.

ಫಿಸಿಯೋ_ಪದ್ದಿ
ಮಾಮ ನಿಮ್ಮ ಮೇಲೆ ಗೌರವ ಇಟ್ಕೊಂಡೇ ಜಗಳ ಆಡ್ತೀನಿ. ಮೊದಲನೇದು, ಬ್ಯಾಕ್ಲೋಫೆನ್ ಥಟ್ ಅಂತ ನಿಲ್ಲಿಸಬಾರದು, ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಿಸಬಹುದು, ಬಿಗಿತ ಒಂದೇ ಸಲ ಏರಬಹುದು. ನಿದ್ದೆ ಜಾಸ್ತಿ ಆದ್ರೆ ಡಾಕ್ಟ್ರೇ ನಿಧಾನಕ್ಕೆ ಇಳಿಸಬೇಕು. ಎರಡನೇದು ಬಾಲ್. ಮುಷ್ಟಿ ಕಟ್ಕೊಂಡಿರೋ ಕೈಗೆ ಇನ್ನೂ ಮುಷ್ಟಿ ಕಟ್ಟು ಅಂತ ಯಾಕೆ ಹೇಳ್ಕೊಡೋದು? ನಿಮ್ಮ ತಂದೆಯವರ ಕೈ ಬಿಗಿದಿರಲಿಲ್ಲ, ಸೋತಿತ್ತು ಅನ್ಸುತ್ತೆ. ಇವರಿಗೆ ಬೇಕಿರೋದು ಬಿಡೋದು, ಹಿಡಿಯೋದಲ್ಲ.

ಮಲ್ಲೇಶ್ವರಂ_ಮಾಮ
ನಮ್ಮ ಕಾಲದಲ್ಲಿ ಬಾಲೇ ಕೊಡ್ತಿದ್ರಮ್ಮ. ಮಾತ್ರೆ ವಿಷಯ ಒಪ್ಪಿದೆ.

ನಿವೃತ್ತ_ಮೇಷ್ಟ್ರು
ವಿಷಯಾಂತರ ಆದ್ರೂ ಹೇಳ್ತೀನಿ. ಸ್ಟ್ರೋಕ್ ಆದಾಗ ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಗಡುವು. ನಮ್ಮ ಬೀದಿಯವರೊಬ್ಬರಿಗೆ ಬೆಳಿಗ್ಗೆ ಬಾಯಿ ಸೊಟ್ಟ ಆಯ್ತು, ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿ ಮಲಗಿಸಿ ಮಧ್ಯಾಹ್ನ ಕರ್ಕೊಂಡು ಹೋದ್ರು. ಬಾಯಿ ಸೊಟ್ಟ, ಕೈ ಜೋಲು, ಮಾತು ತೊದಲು, ಇದರಲ್ಲಿ ಒಂದಾದ್ರೂ ಕಂಡ್ರೆ ನೇರ ಸಿಟಿ ಸ್ಕ್ಯಾನ್ ಇರೋ ದೊಡ್ಡಾಸ್ಪತ್ರೆಗೇ ಹೋಗಿ.

ಬಿಡಾಡಿ_ಬಸವ
ನಾಲ್ಕೂವರೆ ಗಂಟೇಲಿ ಸಿಲ್ಕ್ ಬೋರ್ಡ್ ದಾಟಿದ್ರೆ ಪುಣ್ಯ.

ಎಡಗೈ_ಎಂಜಿನಿಯರ್
ಬಸವ, ನಾನು ಅಲ್ಲೇ ಸಿಕ್ಕಾಕೊಂಡಿದ್ದೆ. ಹೊಸೂರು ರೋಡಲ್ಲಿ ನಿಮ್ಹಾನ್ಸ್ ಬೋರ್ಡ್ ಕಾಣೋವರೆಗೂ ಎಚ್ಚರ ಇತ್ತು.

ಬಿಡಾಡಿ_ಬಸವ
ಸಾರಿ ಅಣ್ಣ. ಗೊತ್ತಿರಲಿಲ್ಲ.

ಎಡಗೈ_ಎಂಜಿನಿಯರ್
ಅಯ್ಯೋ ಪರವಾಗಿಲ್ಲ ಮಾರಾಯ, ನಕ್ಕೆ.

ಹನುಮಂತನಗರ_ಹುಡುಗಿ
ಆರ್ಡರ್ ಮಾಡಿದೆ. ಬಳಸೋಕೆ ಶುರು ಮಾಡೋ ಮುಂಚೆ ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳಿ.

ಫಿಸಿಯೋ_ಪದ್ದಿ
ಮೊದಲು ಅಪ್ಪನ ಕಣ್ಣು ಮುಚ್ಚಿಸಿ ಬಲಗೈ ಬಲಗಾಲಿಗೆ ಹತ್ತಿ ಮುಟ್ಟಿಸಿ, ತಣ್ಣನೆ ಚಮಚ ಮುಟ್ಟಿಸಿ, ಗೊತ್ತಾಗ್ತಿದೆಯಾ ಕೇಳಿ. ಶುಗರ್ ಬೇರೆ ಇದೆ, ಇದನ್ನ ಮರೀಬೇಡಿ. ಗೊತ್ತಾಗದಿದ್ರೆ ಶುರು ಮಾಡ್ಬೇಡಿ, ಯಾರಾದ್ರೂ ಫಿಸಿಯೋಗೆ ತೋರಿಸಿ. ಗೊತ್ತಾದ್ರೆ ಆ 700 ರೂಪಾಯಿ ಹುಡುಗನ್ನ ಒಂದು ದಿನ ಚೆನ್ನಾಗಿ ಬಳಸ್ಕೊಳ್ಳಿ, ಪ್ಯಾಡ್ ಎಲ್ಲಿಡಬೇಕು ಅಂತ ಮಾರ್ಕರ್ ಪೆನ್ನಲ್ಲಿ ಗುರುತು ಹಾಕಿಸ್ಕೊಂಡು ಫೋಟೋ ತೆಗೆದಿಡಿ. ಕಾಲಿಗೆ 100 ಹರ್ಟ್ಸ್ (ಸೆಕೆಂಡಿಗೆ 100 ಮಿಡಿತ), ಒಂದೊಂದು ಮಿಡಿತ 200 ಮೈಕ್ರೋಸೆಕೆಂಡ್, ಹಾಂಗ್‌ಕಾಂಗ್‌ನವರು ಇಟ್ಟಿದ್ದು ಅದೇ. ಜುಮ್ ಅನ್ನೋದು ಚೆನ್ನಾಗಿ ಗೊತ್ತಾಗಬೇಕು, ಉರಿಬಾರದು. ತೆಗೆದ ಮೇಲೆ ಚರ್ಮ ನೋಡಿ, ಸ್ವಲ್ಪ ಕೆಂಪು ಇದ್ದು ಬೇಗ ಹೋದ್ರೆ ಸರಿ, ಗುಳ್ಳೆ ಎದ್ರೆ ನಿಲ್ಲಿಸಿ.

ಇನ್ನೊಂದು, ಬಿಗಿತ ಇದ್ದಕ್ಕಿದ್ದ ಹಾಗೆ ಜಾಸ್ತಿ ಆದ್ರೆ ಮಷೀನ್ ಮೇಲೆ ಗೂಬೆ ಕೂರಿಸ್ಬೇಡಿ. ಮಲಬದ್ಧತೆ, ಉರಿಮೂತ್ರ, ಬಿಗಿ ಚಪ್ಪಲಿ, ಒಳಗೆ ಬೆಳೆದ ಉಗುರು, ಏನೇ ಕಿರಿಕಿರಿ ಇದ್ರೂ ಬಿಗಿತ ಏರುತ್ತೆ. ಕೈ ಗಟ್ಟಿ ಆಯ್ತು ಅಂತ ಬಂದವರ ಉರಿಮೂತ್ರ ವಾಸಿ ಆದ್ಮೇಲೆ ಕೈ ಇಳಿದಿದ್ದು ನೋಡಿದೀನಿ.

ಎಸ್ಪಿರೋಡ್_ಸೀನ
ಪ್ಯಾಡ್ ಅಂಟು ಬೇಗ ಹೋಗುತ್ತೆ ಮೇಡಂ, ಬಳಸಿದ ಮೇಲೆ ಅದರ ಪ್ಲಾಸ್ಟಿಕ್ ಹಾಳೆಗೇ ವಾಪಸ್ ಅಂಟಿಸಿ ಕವರಲ್ಲಿಡಿ. ಎಣ್ಣೆ ಹಚ್ಚಿದ ಮೈಗೆ ಅಂಟಿಸ್ಬೇಡಿ. ನೋಡಿ, ನಾನೂ ಉಪಯೋಗಕ್ಕೆ ಬಂದೆ.

ಹನುಮಂತನಗರ_ಹುಡುಗಿ (ಆರು ವಾರ ಆದ್ಮೇಲೆ)
ಎಲ್ರೂ ಮರೆತಿರ್ತೀರ, ಆದ್ರೂ ಹೇಳ್ತೀನಿ. ಹತ್ತಿ, ಚಮಚ ಎರಡೂ ಅಪ್ಪಂಗೆ ಗೊತ್ತಾಯ್ತು. ವಾರಕ್ಕೆ 5 ದಿನ ಅಂದ್ಕೊಂಡಿದ್ದು, ಆಗಿದ್ದು 4. ಬೆಳಿಗ್ಗೆ ನಾನು ಆಫೀಸಿಗೆ ಹೋಗೋ ಮುಂಚೆ ಕಾಲಿಗೆ ಒಂದು ಗಂಟೆ, ಅಪ್ಪ ಅದೇ ಹೊತ್ತಲ್ಲಿ ಪೇಪರ್ ಓದ್ತಾರೆ, ಆಮೇಲೆ ಅಮ್ಮ ಮೆಟ್ಟಿಲ ಹತ್ರ ನಿಲ್ಲಿಸ್ತಾರೆ. ಒಂದು ಗಂಟೆ ವ್ಯಾಯಾಮ ಅಂತೂ ಆಗ್ತಿಲ್ಲ, ಅರ್ಧ ಗಂಟೆ, ಅದರಲ್ಲಿ ಹತ್ತು ನಿಮಿಷ ಇಬ್ಬರ ಜಗಳ. ಹೆಬ್ಬೆರಳು ತಗಲೋದು ಕಮ್ಮಿ ಆಗಿದೆ, ಹೋದ ಭಾನುವಾರ ಗೇಟಿನವರೆಗೂ ಹೋಗಿ ಹೂವಿನವರ ಹತ್ರ ಚೌಕಾಸಿ ಮಾಡ್ಕೊಂಡು ಬಂದ್ರು.

ಕೈಗೆ ಡಾಕ್ಟ್ರು ಇಂಜೆಕ್ಷನ್ ಹಾಕಿದ್ರು, ಜೊತೆಗೆ ರಾತ್ರಿ ಸ್ಪ್ಲಿಂಟ್. ಬಿಗಿತ ಅಳೆಯೋ ಸ್ಕೇಲಲ್ಲಿ 3 ಇದ್ದಿದ್ದು 2 ಆಗಿದೆ ಅಂತ ಬರೆದ್ರು. ನಿನ್ನೆ ನಾನೊಬ್ಳೇ ಅಪ್ಪನ ಬಲಗೈ ಉಗುರು ತೆಗೆದೆ.

ವಿಜಯನಗರ_ವಿಶ್ವ
ಹಾಗಾದ್ರೆ ಕೈಗೆ ಇಂಜೆಕ್ಷನ್, ಕಾಲಿಗೆ ಮೆಟ್ಟಿಲು. ಮಷೀನು ಏನು ಮಾಡ್ತು?

ಎಡಗೈ_ಎಂಜಿನಿಯರ್
ಬೆಳಿಗ್ಗೆ ಒಂದು ಗಂಟೆ ಅಪ್ಪನ್ನ ಒಂದು ಕಡೆ ಕೂರಿಸ್ತು. ಅದೇ ದೊಡ್ಡದು ಕಣಯ್ಯ. ನೀನೂ ಅಟ್ಟದಿಂದ ಇಳಿಸು.

ವಿಜಯನಗರ_ವಿಶ್ವ
ಇಳಿಸಿದೀನಿ. ಬ್ಯಾಟರಿ ಲೀಕ್ ಆಗಿ ಒಳಗೆಲ್ಲ ಹಸಿರು ಕಟ್ಟಿದೆ. ಸೀನ, ಭಾನುವಾರ ಫ್ರೀನಾ?

ಫಿಸಿಯೋ_ಪದ್ದಿ
ಲೀಕ್ ಆದ ಮಷೀನು ಬೇಡ ಸಾರ್!!

ಹನುಮಂತನಗರ_ಹುಡುಗಿ
ಅಂದಹಾಗೆ ಈಗ ಮಧ್ಯಾಹ್ನ ಹೊತ್ತು ಮಷೀನು ಅಮ್ಮನ ಮಂಡಿ ಮೇಲಿರುತ್ತೆ. ನೋವಿಗೆ ಚೆನ್ನಾಗಿದೆಯಂತೆ, ಅಪ್ಪಂಗೆ ಸರದಿ ಸಿಗ್ತಿಲ್ಲ ಅಂತ ಅವರ ಗಲಾಟೆ.

ಫಿಸಿಯೋ_ಪದ್ದಿ
ಅಮ್ಮಂಗೆ ಪೇಸ್‌ಮೇಕರ್ ಇಲ್ಲ ತಾನೆ? ಪ್ಯಾಡ್ ಇಬ್ಬರಿಗೂ ಬೇರೆ ಬೇರೆ ಇಡಿ.

ಹನುಮಂತನಗರ_ಹುಡುಗಿ
ಇಲ್ಲ ಅಕ್ಕ. ಇನ್ನೊಂದು ಸೆಟ್ ಪ್ಯಾಡ್ ಬೇಕು, ಜಯನಗರ 4ನೇ ಬ್ಲಾಕ್ ಕಡೆ ಎಲ್ಲಿ ಸಿಗುತ್ತೆ ಯಾರಿಗಾದ್ರೂ ಗೊತ್ತಾ?